ರಿಂಗಿನ ಮೇಲಿನ ಅಕ್ಷರ

ನನ್ನ ಲಾರಿ ಎಣ್ಣೆ ಕುಡಿಯಲು ಶುರುಮಾಡಿದ್ದು ಯಾವಾಗ ಎಂದು ಸರಿಯಾಗಿ ಹೇಳಲಾರೆ. ಕುಡುಕರ ಮನೆಯವರಿಗೂ ಮೊದಲ ದಿನ ಯಾವುದೆಂದು ನೆನಪಿರುವುದಿಲ್ಲ. ಮೊದಮೊದಲು ತಿಂಗಳಿಗೊಮ್ಮೆ ಗೇಜಿನ ಕಡ್ಡಿ ಎಳೆದು ನೋಡಿ ಅರ್ಧ ಲೀಟರ್ ಇಂಜಿನ್ ಆಯಿಲ್ ಹಾಕುತ್ತಿದ್ದೆ. ಆಮೇಲೆ ವಾರಕ್ಕೊಮ್ಮೆ ಆಯಿತು. ಕೊನೆಕೊನೆಗೆ ಶಿಕಾರಿಪುರದಿಂದ ಆನವಟ್ಟಿಗೆ ಹೋಗಿ ಮೆಕ್ಕೆಜೋಳ ತುಂಬಿಕೊಂಡು ಬರುವಷ್ಟರಲ್ಲಿ ಕಡ್ಡಿಯ ತುದಿ ಒಣಗಿರುತ್ತಿತ್ತು. ಸೀಟಿನ ಕೆಳಗೆ ಆಯಿಲ್ ಕ್ಯಾನ್ ಕಾಯಂ ಆಗಿ ಬಂದು ಕೂತಿತು.

ಹೊಗೆಯಂತೂ ಕೇಳಬೇಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನಮ್ಮ ಓಣಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ನೀಲಿ ಹೊಗೆ, ಕಣ್ಣಿಗೆ ಖಾರ. ಕಾಲೇಜಿನ ಮುಂದೆ ಹಾದುಹೋದರೆ ಮಕ್ಕಳು ಮೂಗಿಗೆ ಕರ್ಚೀಫು ಹಿಡಿದು ನನ್ನನ್ನು ನೋಡುವ ನೋಟಕ್ಕೆ ಮೈ ಉರಿಯುತ್ತಿತ್ತು. ನಾನು ಮೊದಲೇ ಸಿಡುಕ. ಬಸ್ಸಿನವರ ಮೇಲೆ, ಬೈಕಿನವರ ಮೇಲೆ, ಅಡ್ಡ ಬಂದ ಎಮ್ಮೆಯ ಮೇಲೆ, ಎಲ್ಲರ ಮೇಲೂ ಬಾಯಿ ಮಾಡುವವನು. ಬಾಯಿ ಮಾಡಲೇಬೇಕಿದ್ದ ಒಂದೇ ಒಂದು ದಿನ ಸುಮ್ಮನೆ ಕೂತೆ. ಈ ಬರಹ ಆ ದಿನದ್ದು.

ಆ ಲಾರಿಯ ಇಂಜಿನ್ನನ್ನು ಹಿಂದೆ ಎರಡು ಸಲ ಬಿಚ್ಚಿ ಕಟ್ಟಿದ್ದವರು ಶಿಕಾರಿಪುರದ ಒಬ್ಬ ಮೇಸ್ತ್ರಿ. ಶಿರಾಳಕೊಪ್ಪದ ರಸ್ತೆಯಲ್ಲಿ ತಗಡಿನ ಶೆಡ್ಡು, ಮುಂದೊಂದು ಬೇವಿನ ಮರ, ಮರಕ್ಕೆ ಇಂಜಿನ್ ಎತ್ತುವ ಚೈನ್ ಬ್ಲಾಕು. ನನಗಿಂತ ಹದಿನೈದು ವರ್ಷ ದೊಡ್ಡವರು. ಯಾವ ಗಾಡಿ ಬಂದರೂ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಬೀಡಿ ಹಚ್ಚಿ, ಐದು ನಿಮಿಷ ಸ್ಟಾರ್ಟಿನಲ್ಲಿ ಬಿಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಕಾಯಿಲೆ ಯಾವುದು ಎಂದು ಹೇಳುತ್ತಿದ್ದರು. ಅದು ತಪ್ಪಿದ್ದನ್ನು ನಾನು ಕಂಡಿಲ್ಲ.

ಅವರದು ಎರಡು ಪದ್ಧತಿ. ಒಂದು, ಪಿಸ್ಟನ್ನಿಗೆ ರಿಂಗು ಹಾಕುವ ದಿನ ಗಾಡಿಯ ಮಾಲೀಕ ಶೆಡ್ಡಿನಲ್ಲಿ ಕೂತಿರಲೇಬೇಕು. ಡೀಸೆಲ್ ತುಂಬಿದ ತಟ್ಟೆಯಲ್ಲಿ ರಿಂಗುಗಳನ್ನು ತೊಳೆದು ಒಂದೊಂದಾಗಿ ಅವರ ಕೈಗೆ ಕೊಡಬೇಕು. "ಇಂಜಿನ್ನಿಗೆ ಇಬ್ಬರ ಕೈ ತಾಗಬೇಕಪಾ, ಆಮ್ಯಾಲೆ ನಿಂದು ನಂದು ಅಂತ ಮಾತು ಬರಂಗಿಲ್ಲ" ಎನ್ನುತ್ತಿದ್ದರು. ಇನ್ನೊಂದು, ಎಲ್ಲ ಮುಚ್ಚಿದ ಮೇಲೆ ಸಣ್ಣ ಬ್ರಷ್ಷಿನಲ್ಲಿ ಹಳದಿ ಪೇಂಟು ತೆಗೆದುಕೊಂಡು ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನ ಪ್ರತಿ ಬೋಲ್ಟಿನ ಮೇಲೂ ಒಂದು ಗೆರೆ ಎಳೆಯುತ್ತಿದ್ದರು. ಬೋಲ್ಟಿನ ತಲೆಯಿಂದ ಹೆಡ್ಡಿನವರೆಗೆ ಅಖಂಡವಾದ ಗೆರೆ. ಬೇರೆ ಯಾರಾದರೂ ಬಿಚ್ಚಿದರೆ ಗೆರೆ ತುಂಡಾಗುತ್ತದೆ. ಗೆರೆ ಕೂಡಿರುವ ತನಕ ಜವಾಬ್ದಾರಿ ಅವರದು.

ಲಾರಿಯನ್ನು ಅವರ ಶೆಡ್ಡಿಗೆ ಒಯ್ದದ್ದು ಬೇಸಿಗೆಯಲ್ಲಿ. ಶೆಡ್ಡು ಬಡವಾಗಿತ್ತು. ಅವರ ಕೈಕೆಳಗೆ ಕಲಿತವರು ತಂತಮ್ಮ ಗ್ಯಾರೇಜು ಹಾಕಿಕೊಂಡು ಹೋಗಿದ್ದರು. ಹೊಸ ಗಾಡಿಗಳು ಕಂಪ್ಯೂಟರ್ ಇರುವ ಕಡೆಗೇ ಹೋಗುತ್ತವೆ. ಮೇಸ್ತ್ರಿ ಒಬ್ಬರೇ ಬೆಂಚಿನ ಮೇಲೆ ಕೂತು ಬೋಲ್ಟು ಬಿಚ್ಚುವ ಪಾನಾಗಳನ್ನು ಒರೆಸುತ್ತಿದ್ದರು. ಹದಿನಾರರ ಪಾನಾ ಬೇಕಾದಾಗ ನಂಬರು ನೋಡಲಿಲ್ಲ; ಎರಡು ಪಾನಾ ಎತ್ತಿ ಅಂಗೈಯಲ್ಲಿ ತೂಗಿ ಒಂದನ್ನು ಕೆಳಗಿಟ್ಟರು. ನಾನು ಅದನ್ನು ಅನುಭವ ಎಂದುಕೊಂಡೆ.

ಅವತ್ತೇ ಮಧ್ಯಾಹ್ನ ಊಟದ ಡಬ್ಬಿ ತಂದ ಅವರ ಹೆಂಡತಿ ನನ್ನನ್ನು ಬೇವಿನ ಮರದ ಆಚೆಗೆ ಕರೆದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ.

"ಒಂದು ಕಣ್ಣು ಪೂರಾ ಹೋಗೇತಿ. ಇನ್ನೊಂದರಾಗ ಮಬ್ಬು ಮಬ್ಬು. ಸಕ್ಕರಿ ಕಾಯಿಲೆ. ಇನ್ನ ಏನು ಮಾಡಿದ್ರೂ ಬರಂಗಿಲ್ಲ ಅಂದಾರ ಡಾಕ್ಟ್ರು" ಎಂದರು. "ಅವರ ಮುಂದ ಕಣ್ಣಿನ ಮಾತು ತೆಗೀಬ್ಯಾಡ್ರಿ. ಈ ಶೆಡ್ಡು ಒಂದು ಬಿಟ್ಟರ ಅವರಿಗೆ ಬ್ಯಾರೆ ಏನೈತಿ? ಮನಿಯಾಗ ಕುಂದ್ರಿಸಿದ್ರ ಉಳಿಯಂಗಿಲ್ಲ ಅವರು."

ಇಲ್ಲಕ್ಕ, ಅನ್ನಲ್ಲ ಎಂದು ಮಾತು ಕೊಟ್ಟೆ. ಗಾಡಿಯನ್ನು ಬೇರೆ ಕಡೆ ಒಯ್ಯಬಹುದಿತ್ತು, ನಿಜ. ಆದರೆ ಅವರ ಶೆಡ್ಡಿನ ಮುಂದಿನಿಂದಲೇ ದಿನಾ ಓಡಾಡುವ ಗಾಡಿ ಅದು. ಬೇರೆಯವರ ಹತ್ತಿರ ಒಯ್ದರೆ ನಿಮಗೆ ಕಣ್ಣು ಕಾಣುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆಯೇ. ಜೊತೆಗೆ ಅವರ ಕೈಯ ಮೇಲೆ ನನಗೆ ಭರವಸೆ ಇತ್ತು. ಕಣ್ಣು ಹೋದರೂ ಕೈ ಇದೆಯಲ್ಲ ಎಂದುಕೊಂಡೆ. ಸಕ್ಕರೆ ಕಾಯಿಲೆ ಬೆರಳಿನ ತುದಿಯನ್ನೂ ತಿನ್ನುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಕುದಿಯುವ ಚಹಾದ ಸ್ಟೀಲ್ ಲೋಟವನ್ನು ಅವರು ಬರಿಗೈಯಲ್ಲಿ ಹಿಡಿದು ಕೂತಿದ್ದನ್ನು ನಾನು ನೋಡಿದ್ದೆ, ನೋಡಿ ಗಟ್ಟಿ ಮನುಷ್ಯ ಅಂದುಕೊಂಡಿದ್ದೆ.

ನಮ್ಮ ಕಡೆ ಇಂಥ ರಿಪೇರಿಗೆ ಹಾಫ್ ಇಂಜಿನ್ ಕೆಲಸ ಎನ್ನುತ್ತಾರೆ. ಇಂಜಿನ್ನನ್ನು ಗಾಡಿಯಿಂದ ಇಳಿಸುವುದಿಲ್ಲ. ಮೇಲಿನ ಹೆಡ್ಡು, ಕೆಳಗಿನ ಎಣ್ಣೆಯ ಚೇಂಬರು ಬಿಚ್ಚಿ, ಆರು ಪಿಸ್ಟನ್‌ಗಳನ್ನು ಹೊರಗೆ ಎಳೆದು, ಹೊಸ ರಿಂಗು, ಹೊಸ ಬೇರಿಂಗು ಹಾಕಿ, ವಾಲ್ವುಗಳನ್ನು ತೀಡಿ ಕೂರಿಸಿ ಮತ್ತೆ ಮುಚ್ಚುವುದು. ಮೊದಲ ಎರಡು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಪಕ್ಕದ ಪಂಕ್ಚರ್ ಅಂಗಡಿಯವರು ಹೆಡ್ಡು ಇಳಿಸಲು ಕೈ ಕೊಟ್ಟರು. ವಾಲ್ವು ತೀಡಿದ್ದು ನಾನೇ. ಕಪ್ಪು ಮಸಿ ಅಂಟಿದ ಪಿಸ್ಟನ್‌ಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದ್ದೂ ನಾನೇ. ಹಳೆಯ ರಿಂಗುಗಳು ಎಷ್ಟು ಸವೆದಿದ್ದವೆಂದರೆ ಎರಡು ತುಂಡಾಗಿ ಕೈಗೆ ಬಂದವು. ಮೇಸ್ತ್ರಿ ಸಿಲಿಂಡರಿನ ಒಳಗೋಡೆಯಾದ ಲೈನರನ್ನು ಉಗುರಿನಿಂದ ಕೆಳಗಿಂದ ಮೇಲಕ್ಕೆ ಗೀರಿ, "ಉಗುರು ಎಲ್ಲೂ ತಡೀವಲ್ಲದು. ಲೈನರು ಚಲೋ ಅದಾವು. ರಿಂಗು ಸಾಕು" ಎಂದರು. ಅದು ಸರಿಯಾಗಿಯೇ ಇತ್ತು. ಅವರ ಲೆಕ್ಕ ಯಾವತ್ತೂ ಸರಿಯೇ ಇತ್ತು ಎಂಬುದನ್ನು ಇಲ್ಲಿ ಬರೆಯದೆ ಹೋದರೆ ಅನ್ಯಾಯವಾಗುತ್ತದೆ.

ಮೂರನೆಯ ದಿನ ರಿಂಗು ಹಾಕುವುದು. ನಾನು ಡೀಸೆಲ್ ತಟ್ಟೆಯ ಮುಂದೆ ಕೂತೆ. ಪಿಸ್ಟನ್ನಿಗೆ ಮೂರು ರಿಂಗು. ನಡುವಿನದಕ್ಕೆ ಅಂಚು ಕೊಂಚ ಓರೆ. ಅದರ ಒಂದು ಮಗ್ಗುಲಿಗೆ ಟಾಪ್ ಎಂದು ಮೂರು ಇಂಗ್ಲಿಷ್ ಅಕ್ಷರ ಕೊರೆದಿರುತ್ತಾರೆ, ಅಕ್ಕಿಯ ನುಚ್ಚಿಗಿಂತ ಸಣ್ಣದಾಗಿ. ಆ ಅಕ್ಷರ ಮೇಲೆ ಬಂದರೆ ರಿಂಗು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ಕೆರೆದು ಕೆಳಗೆ ತಳ್ಳುತ್ತದೆ. ತಲೆಕೆಳಗಾದರೆ ಎಣ್ಣೆಯನ್ನು ಮೇಲಕ್ಕೆ ಎಳೆದು ಬೆಂಕಿಗೆ ಕೊಡುತ್ತದೆ. ಮಿಕ್ಕಂತೆ ನೋಡಲು ಏನೂ ಫರಕಿಲ್ಲ.

ಮೊದಲ ಪಿಸ್ಟನ್ನಿನ ನಡುವಿನ ರಿಂಗು ತೊಳೆದು ಕೊಟ್ಟೆ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದರು, ಓರೆ ಮಾಡಿದರು, ಮುಖದ ಹತ್ತಿರ ತಂದರು. ಹೆಬ್ಬೆರಳಿನಿಂದ ಸುತ್ತಲೂ ಸವರಿದರು. ಮತ್ತೆ ಸವರಿದರು. ನಾನು ಬೇಕೆಂದೇ ರಸ್ತೆಯ ಕಡೆಗೆ ನೋಡುತ್ತಾ ಕೂತೆ. ಆಗ ಅವರು ನನ್ನತ್ತ ರಿಂಗು ಚಾಚಿ, "ಅಕ್ಷರ ಮ್ಯಾಲೈತೇನು, ಒಂಚೂರು ನೋಡು" ಎಂದರು.

"ನೀವು ನೋಡಿದ ಮ್ಯಾಲೆ ನಾನೇನು ನೋಡಾದ್ರಿ ಮೇಸ್ತ್ರಿ" ಎಂದೆ.

ಹೀಗೇ ತಾನೆ ಹೇಳುವುದು? ಊಟಕ್ಕೆ ಕೂತಾಗ ಹಿರಿಯರು ಉಪ್ಪು ಸರಿಯಿದೆಯೇ ನೋಡು ಎಂದರೆ, ಪತ್ರಕ್ಕೆ ಸಹಿ ಹಾಕುವ ಮುಂಚೆ ಒಮ್ಮೆ ಓದು ಎಂದರೆ, ನಮ್ಮ ಊರಿನ ಯಾರೇ ಆಗಲಿ ಇದೇ ಮಾತು ಹೇಳುತ್ತಾರೆ. ಅದು ಮರ್ಯಾದೆ. ಅವರು ಪರೀಕ್ಷೆಗೆ ಕೇಳುತ್ತಿದ್ದಾರೆ ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ನಾನು ಇಸಿದುಕೊಂಡು ಓದಿದರೆ ಅವರಿಗೆ ಕಾಣುವುದಿಲ್ಲ ಎಂದು ನನಗೆ ಗೊತ್ತಿರುವುದು ಬಯಲಾಗುತ್ತದೆ ಎಂದು ಹೆದರಿದೆ. ಮೇಸ್ತ್ರಿ ಒಂದು ಗಳಿಗೆ ಹಾಗೇ ಕೈ ಚಾಚಿಕೊಂಡಿದ್ದು, ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ರಿಂಗನ್ನು ಪಿಸ್ಟನ್ನಿಗೆ ತೊಡಿಸಿದರು. ಉಳಿದ ಐದಕ್ಕೆ ಏನೂ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಹೆಡ್ಡು ಕೂತಿತು. ಹಳದಿ ಗೆರೆಗಳು ಬಂದವು, ಒಂದೆರಡು ಸೊಟ್ಟಗೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಸ್ಟಾರ್ಟ್ ಮಾಡಿದೆವು. ಎಲ್ಲೂ ತಡವರಿಸದ ಸದ್ದು, ಕೇಳಿದರೆ ಹೊಟ್ಟೆ ತಣ್ಣಗಾಗಬೇಕು. ಹೊಗೆ ಮಾತ್ರ ಬಂತು. ಹೊಸ ರಿಂಗು ಸಿಲಿಂಡರಿಗೆ ಒಗ್ಗಿ ಕೂರುವ ತನಕ ಬರುತ್ತದೆ ಎಂದರು ಮೇಸ್ತ್ರಿ. ಹೌದು, ಬರುತ್ತದೆ. ಲೋಡಿಲ್ಲದೆ ನಿಧಾನಕ್ಕೆ ಓಡಿಸಿದೆ, ಆಮೇಲೆ ಅರ್ಧ ಲೋಡಿನಲ್ಲಿ ಓಡಿಸಿದೆ. ಒಂದು ತಿಂಗಳಾದರೂ ರಿಂಗು ಕೂರಲಿಲ್ಲ. ಕಡ್ಡಿ ಹಿಂದಿಗಿಂತ ಬೇಗ ಒಣಗುತ್ತಿತ್ತು.

ಶೆಡ್ಡಿನ ಮುಂದೆ ಹಾದುಹೋಗುವಾಗಲೆಲ್ಲ ಮೇಸ್ತ್ರಿ ಸದ್ದಿನಲ್ಲೇ ಗಾಡಿ ಗುರುತು ಹಿಡಿದು ಕೈ ಎತ್ತುತ್ತಿದ್ದರು. ಒಮ್ಮೆ ನಿಲ್ಲಿಸಿದಾಗ, "ಹೊಗಿ ಹೆಂಗೈತಿ?" ಎಂದು ಕೇಳಿದರು.

"ಹೊಗಿನೇ ಇಲ್ರೀ" ಎಂದೆ. ನನ್ನ ಬೆನ್ನ ಹಿಂದೆ ರಸ್ತೆಯೆಲ್ಲ ನೀಲಿಯಾಗಿತ್ತು. ಗಾಳಿ ಆಚೆ ಕಡೆಗೆ ಬೀಸುತ್ತಿತ್ತು, ಅದೊಂದು ಪುಣ್ಯ. ಅವರು ನಕ್ಕರು.

ಮಳೆ ಹಿಡಿಯುವ ಮುಂಚೆ, ಸೊರಬಕ್ಕೆ ಬಾಡಿಗೆ ಇದೆ ಎಂದು ಹೇಳಿ ಹೊರಟು, ಅಲ್ಲಿ ನನ್ನ ಗುರುತೇ ಇಲ್ಲದ ಒಂದು ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಸಿದೆ. ಅಲ್ಲಿಯ ಮೆಕ್ಯಾನಿಕ್ ಮೂವತ್ತರ ಆಸುಪಾಸಿನವನು. ಪಿಸ್ಟನ್ನುಗಳನ್ನು ಸಾಲಾಗಿ ಇಟ್ಟು, ಮೊಬೈಲಿನ ಬೆಳಕು ಬಿಟ್ಟು ಒಂದೊಂದೇ ನೋಡಿದ.

"ಎಂತ ಮಾರಾಯ್ರೆ ಇದು, ನಡು ರಿಂಗು ನಾಕು ತಲೆಕೆಳಗೆ ಹಾಕಿದಾರೆ. ಎರಡು ಸರಿ ಇದ್ದಾವೆ. ಯಾರು ಕಟ್ಟಿದ್ದು?"

"ನಾನೇ ಮನೇಲಿ ಕಟ್ಕಂಡೆ" ಎಂದೆ.

"ನಿಮಗೆ ಬರದಿದ್ದ ಕೆಲಸ ಯಾಕೆ ಬೇಕಿತ್ತು?" ಎಂದು ನಕ್ಕ. ನನ್ನ ಬಾಯಿಗೆ ಬೈಗುಳ ಬಂದಿತ್ತು, ನುಂಗಿಕೊಂಡೆ. ಆರೂ ತಪ್ಪಿದ್ದರೆ ಮರೆತರು ಎನ್ನಬಹುದಿತ್ತು, ಅಥವಾ ಹಳೆ ಅಭ್ಯಾಸ ಎನ್ನಬಹುದಿತ್ತು. ನಾಲ್ಕು ತಪ್ಪು, ಎರಡು ಸರಿ ಎಂದರೆ ಅಂದಾಜಿನ ಮೇಲೆ ಹಾಕಿದ್ದಾರೆ ಎಂದರ್ಥ. ನಲವತ್ತು ವರ್ಷ ಇಂಜಿನ್ ಕಟ್ಟಿದ ಮನುಷ್ಯ ನನ್ನ ಕಣ್ಣೆದುರು ಕೂತು, ಆರು ಸಲ, ಕತ್ತಲಲ್ಲಿ ಕೈಯಾಡಿಸಿದ್ದರು. ನಾನು ರಸ್ತೆ ನೋಡುತ್ತಿದ್ದೆ.

ಸೊರಬದವನು ಹೊಸ ರಿಂಗು ಹಾಕಿ, ಚೇಂಬರಿಗೆ ಎಣ್ಣೆ ಸೋರದಂತೆ ಕೆಂಪು ಪೇಸ್ಟು ಬಳಿದು ಮುಚ್ಚಿಕೊಟ್ಟ. ಹೊಗೆ ನಿಂತಿತು. ಬರುವ ದಾರಿಯಲ್ಲಿ ಆನವಟ್ಟಿಯ ಪೇಂಟಿನ ಅಂಗಡಿಯಲ್ಲಿ ಚಿಕ್ಕ ಡಬ್ಬಿ ಹಳದಿ ಪೇಂಟು ಕೊಂಡೆ. ಊರ ಹೊರಗೆ ಗಾಡಿ ನಿಲ್ಲಿಸಿ, ಬೋಲ್ಟು ಬೋಲ್ಟಿಗೂ ಗೆರೆ ಎಳೆದೆ. ಒಂದೆರಡನ್ನು ಬೇಕೆಂದೇ ಸೊಟ್ಟಗೆ ಎಳೆದೆ. ಗೆರೆಯನ್ನು ನೋಡಲು ಅವರಿಗೆ ಕಣ್ಣೇ ಇಲ್ಲ ಎಂದು ಗೊತ್ತಿದ್ದೂ ಅಷ್ಟು ಶ್ರದ್ಧೆಯಿಂದ ಮಾಡಿದೆ. ಬಹುಶಃ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಭ್ರಮೆ. ಆ ಗಳಿಗೆಯಲ್ಲಿ ನನಗೆ ನನ್ನ ಮೇಲೆ ಮೆಚ್ಚುಗೆಯೇ ಇತ್ತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಳೆಗಾಲದ ಆರಂಭದಲ್ಲಿ ಉಳವಿಗೆ ಗೊಬ್ಬರ ಇಳಿಸಲು ಹೋಗಿದ್ದೆ. ಗೊಬ್ಬರ ತರಿಸಿದ ರೈತರೊಬ್ಬರು ಲಾರಿಯ ಹಿಂದೆ ನಿಂತು ಸೈಲೆನ್ಸರ್ ನೋಡಿದರು. "ಹೋದ ವರ್ಷ ಇದೇ ಗಾಡಿ ನಮ್ಮ ಕೇರಿಯೆಲ್ಲ ಹೊಗೆ ಮಾಡಿತ್ತಲ್ಲ. ಯಾರ ಹತ್ರ ಕಟ್ಟಿಸಿದ್ರಿ? ನಮ್ಮ ಟ್ರ್ಯಾಕ್ಟ್ರೂ ಹಂಗೇ ಎಣ್ಣೆ ಕುಡಿತೈತೆ" ಎಂದರು.

ಸೊರಬದ ಗ್ಯಾರೇಜಿನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಮಾತು ಹೇಗೋ ಶಿಕಾರಿಪುರಕ್ಕೆ ಮುಟ್ಟುತ್ತದೆ. "ನಮ್ಮ ಮೇಸ್ತ್ರಿ ಹತ್ರ" ಎಂದೆ. ಶೆಡ್ಡಿನ ಗುರುತನ್ನೂ ಹೇಳಿದೆ. ಅವರು ಹೋಗಲಿಕ್ಕಿಲ್ಲ ಎಂದುಕೊಂಡೆ. ಹೋದರು. ಅಕ್ಕ ಫೋನು ಮಾಡಿ ಖುಷಿಯಿಂದ ಹೇಳಿದರು: "ನಿಮ್ಮ ಗಾಡಿ ನೋಡಿ ಬಂದಾರಂತ. ಇವರು ಎದ್ದು ಓಡ್ಯಾಡಕ್ಕತ್ತಾರ. ಎರಡು ರೊಟ್ಟಿ ಜಾಸ್ತಿ ಉಣ್ತಾರ." ಆಗಲೂ ಹೇಳಬಹುದಿತ್ತು. ಎರಡು ರೊಟ್ಟಿ ಜಾಸ್ತಿ ಎಂದ ಮೇಲೆ ಹೇಗೆ ಹೇಳಲಿ?

ಮೇಸ್ತ್ರಿ ಕಟ್ಟಿಕೊಟ್ಟ ಟ್ರ್ಯಾಕ್ಟರು ಎರಡು ದಿನ ಗದ್ದೆಯ ಕೆಸರು ಹೊಡೆಯಿತು. ಮೂರನೆಯ ದಿನ ಗದ್ದೆಯ ನಡುವೆ ಇಂಜಿನ್ ಕಚ್ಚಿಕೊಂಡು, ಒಳಗಿನ ಕನೆಕ್ಟಿಂಗ್ ರಾಡು ಮುರಿದು, ಇಂಜಿನ್ನಿನ ಪಕ್ಕೆ ಒಡೆದು ಹೊರಗೆ ಬಂತು. ಓಡಿಸುತ್ತಿದ್ದ ಆ ರೈತರ ತಮ್ಮನ ಮೊಣಕಾಲಿಗೆ ಸುಡುವ ಎಣ್ಣೆ ಸಿಡಿಯಿತು. ಪ್ರತಿ ರಾಡಿಗೂ ಕೆಳಗೊಂದು ಟೋಪಿ ಇರುತ್ತದೆ, ರಾಡಿನ ಮೇಲೂ ಟೋಪಿಯ ಮೇಲೂ ಒಂದೇ ನಂಬರು ಒತ್ತಿರುತ್ತಾರೆ. ಆ ನಂಬರು ಕಾಣದೆ ಒಂದರ ಟೋಪಿ ಇನ್ನೊಂದಕ್ಕೆ ಹೋಗಿತ್ತು.

ಮರುದಿನ ಬೆಳಿಗ್ಗೆ ಅಕ್ಕನ ಫೋನು. ಲಾರಿ ತೆಗೆದುಕೊಂಡು ತಕ್ಷಣ ಬರಬೇಕಂತೆ. ಹೋದೆ. ಬೆಂಚಿನ ಮೇಲೆ ಗೊಬ್ಬರದ ಚೀಲ, ಅದರ ಮೇಲೆ ಮುರಿದ ರಾಡು. ಉಳವಿಯ ರೈತರು ಕೈಕಟ್ಟಿ ನಿಂತಿದ್ದರು. ಪಂಕ್ಚರ್ ಅಂಗಡಿಯವರೂ ಬಂದು ನಿಂತಿದ್ದರು. ಮೇಸ್ತ್ರಿ ಕೂತಿರಲಿಲ್ಲ.

"ಸ್ಟಾರ್ಟ್ ಇಡು" ಎಂದರು. ಇಟ್ಟೆ. ರೇಸ್ ಮಾಡು ಎಂದರು, ಮಾಡಿದೆ. ಅವರು ಗೋಡೆ ಹಿಡಿದು ಹಿಂದಕ್ಕೆ ನಡೆದು, ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ ಬಹಳ ಹೊತ್ತು ನಿಂತರು. ಎಣ್ಣೆ ಉರಿಯುವ ಇಂಜಿನ್ನಾದರೆ ಅಂಗೈ ಮೇಲೆ ಹನಿ ಕೂರುತ್ತದೆ. ಆಮೇಲೆ ಆ ಅಂಗೈಯನ್ನು ರೈತರ ಮುಖದ ಮುಂದೆ ಹಿಡಿದರು.

"ನೋಡ್ರಿ. ಒಂದು ಹನಿ ಎಣ್ಣಿ ಐತೇನು? ಇದನ್ನ ಕಟ್ಟಿದ್ದೂ ಇದ ಕೈ. ನನ್ನ ಹಳದಿ ಗೆರಿ ಹಂಗ ಐತಿ, ಹೋಗಿ ನೋಡ್ರಿ. ನಿಮ್ಮ ಹುಡುಗ ರೇಡಿಯೇಟರಿನ್ಯಾಗ ನೀರಿಲ್ಲದ ಓಡಿಸ್ಯಾನ. ನೀನಾರ ಹೇಳಪಾ" ಎಂದು ನನ್ನ ಕಡೆ ತಿರುಗಿದರು.

ರೈತರು ನನ್ನನ್ನೇ ನೋಡಿದರು. ಹೌದು ಎಂದುಬಿಟ್ಟರೆ ಸುಟ್ಟ ಮೊಣಕಾಲಿನ ಹುಡುಗನದೇ ತಪ್ಪಾಗುತ್ತಿತ್ತು. ಮೇಸ್ತ್ರಿ ನಾಳೆ ಇನ್ನೊಬ್ಬರ ಇಂಜಿನ್ನಿಗೂ ಕೈ ಹಾಕುತ್ತಿದ್ದರು. ನಾನು ಇಂಜಿನ್ ಆಫ್ ಮಾಡಿ ಕೆಳಗಿಳಿದೆ.

"ಮೇಸ್ತ್ರಿ, ಇದನ್ನ ಸೊರಬದಾಗ ಬಿಚ್ಚಿಸಿದ್ದೆ" ಎಂದೆ. "ರಿಂಗು ಬದಲಾಯಿಸಿದ್ರು."

ಅವರ ಅಂಗೈ ಇನ್ನೂ ಗಾಳಿಯಲ್ಲೇ ಇತ್ತು. ನಿಧಾನಕ್ಕೆ ಇಳಿಸಿದರು. "ಎಷ್ಟು ತಪ್ಪಿದ್ವು?"

"ನಾಕು."

"ಗೆರಿ?"

"ನಾನ ಹಾಕಿದೆ."

ರೈತರಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು. "ನನಗೆ ನಿಮ್ಮಿಂದ ಏನೂ ಬ್ಯಾಡ. ಇನ್ನೊಬ್ಬರ ಇಂಜಿನ್ ಮುಟ್ಟಬ್ಯಾಡಿ, ಅಷ್ಟು ಸಾಕು" ಎಂದರು ಮೇಸ್ತ್ರಿಗೆ. ನನ್ನ ಪಕ್ಕ ಹಾದುಹೋಗುವಾಗ, "ಅವರಿಗೆ ಕಣ್ಣು ಕಾಣಲ್ಲ. ನಿಮಗೆ ಕಾಣ್ತಿತ್ತಲ್ಲ" ಎಂದರು. ಮುರಿದ ರಾಡನ್ನು ಅಲ್ಲೇ ಬಿಟ್ಟು ಹೋದರು.

ಅಕ್ಕ ಬಾಗಿಲಲ್ಲಿ ನಿಂತಿದ್ದವರು ನನ್ನ ಮುಖ ನೋಡದೆ ಒಳಗೆ ಹೋದರು. ಮಾತು ಉಳಿಸಿಕೊಂಡಿದ್ದೆ, ನಿಜ. ಅವರ ಮುಂದೆ ಕಣ್ಣಿನ ಮಾತು ತೆಗೆದಿರಲಿಲ್ಲ.

ಮೇಸ್ತ್ರಿ ಬೆಂಚಿನ ಮೇಲೆ ಕೂತು ಹಳೆ ಬನಿಯನ್ ತುಂಡಿನಿಂದ ಕೈ ಒರೆಸಿಕೊಳ್ಳತೊಡಗಿದರು. ಕೈಯಲ್ಲಿ ಒರೆಸಲು ಏನೂ ಇರಲಿಲ್ಲ. ಎಲ್ಲರೂ ಹೋದ ಮೇಲೆ, ತಪ್ಪಾಯ್ತು ಮೇಸ್ತ್ರಿ ಎಂದೆ. ಅವರು ಬೈದಿದ್ದರೆ ಕಾಲು ಹಿಡಿಯಲು ತಯಾರಿದ್ದೆ.

"ನೀ ಅವತ್ತು ಬಂದು ಹೇಳಿದ್ರ ನಮ್ಮಿಬ್ಬರಿಗಷ್ಟ ಗೊತ್ತಿರ್ತಿತ್ತು. ನಾನ ಶೆಡ್ಡು ಮುಚ್ಚತಿದ್ದೆ" ಎಂದರು. ಆಮೇಲೆ ನನ್ನ ಕಡೆ ತಿರುಗದೆ, "ನಿನಗ ಕೇಳಿದ್ದೆನಲ್ಲೋ" ಎಂದರು.

ಶೆಡ್ಡು ಆ ವಾರವೇ ಮುಚ್ಚಿತು. ಈಗ ಅಲ್ಲಿ ಯಾರೋ ಸಿಮೆಂಟು ಇಟ್ಟಿದ್ದಾರೆ. ಮೇಸ್ತ್ರಿ ಮನೆಯ ಜಗಲಿಯ ಮೇಲೆ ಕೂತಿರುತ್ತಾರೆ, ನಾನು ಹೋದರೆ ಚಹಾ ಕೊಡಿಸುತ್ತಾರೆ. ಇಂಜಿನ್ನಿನ ವಿಷಯ ಇಬ್ಬರೂ ಎತ್ತುವುದಿಲ್ಲ. ಲಾರಿ ಹೊಗೆ ಬಿಡುವುದಿಲ್ಲ, ಕಡ್ಡಿ ಎಳೆದರೆ ಎಣ್ಣೆ ಗೀರಿನವರೆಗೂ ಇರುತ್ತದೆ. ನಾನು ಎಳೆದ ಹಳದಿ ಗೆರೆಗಳು ಇನ್ನೂ ಇವೆ, ಅವನ್ನು ಉಜ್ಜಿ ತೆಗೆಯಲು ಎರಡು ಸಲ ಹೋಗಿ ವಾಪಸು ಬಂದಿದ್ದೇನೆ.

ಹಿಂದಿನ ಎರಡು ಸಲ ಇಂಜಿನ್ ಕಟ್ಟಿದಾಗಲೂ ನಾನು ಅದೇ ಡೀಸೆಲ್ ತಟ್ಟೆಯ ಮುಂದೆ ಕೂತು ಒಂದೊಂದೇ ರಿಂಗು ತೊಳೆದು ಕೊಟ್ಟಿದ್ದೆ. ಆಗ ಒಂದು ಸಲವೂ ಅವರು ಅಕ್ಷರ ನೋಡು ಎಂದಿರಲಿಲ್ಲ. ಈ ಸಲ ಕೇಳಿದ್ದು ಪರೀಕ್ಷೆಗಲ್ಲ. ಕಾಣುತ್ತಿರಲಿಲ್ಲ, ಅದಕ್ಕೆ ಕೇಳಿದ್ದರು. ಕೇಳಲು ಅವರಿಗೆ ಎಷ್ಟು ಕಷ್ಟವಾಗಿರಬೇಕು. ನಾನು ಮರ್ಯಾದೆ ಕೊಟ್ಟೆ.